ಕೊಡೆ ಮತ್ತು ಲಾಟೀನು

ನನಗೆ ಹನ್ನೊಂದು ವರ್ಷವಿದ್ದಾಗ ಮಾರತ್ತಹಳ್ಳಿಯ ಆಚೆ ಹೊಲದಲ್ಲಿ ಹಾಕಿದ್ದ ಟೆಂಟಿನಲ್ಲಿ ಒಂದು ಕೊಡೆ ನೋಡಿದೆ. ಕಪ್ಪು ಕೊಡೆ. ಅದರ ಪಕ್ಕ ಒಂದು ಲಾಟೀನು. ಸ್ವಲ್ಪ ಹೊತ್ತಿಗೆ ಒಂದು ಜೋಡು, ಒಂದು ಹಸು, ಕೋಟೆಯ ಗೋಡೆ, ಮತ್ತೆ ಅದೇ ಕೊಡೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಜನ ಬೀಡಿ ಸೇದಲು ಎದ್ದು ಹೊರಗೆ ಹೋಗಿದ್ದರು. ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್. ಶನಿವಾರ ಶಿಫ್ಟ್ ಮುಗಿಸಿ ಬಂದು ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರೂ ಎದ್ದರು. ‘ಬಾರೋ, ನ್ಯೂಸ್ ರೀಲ್ ಮುಗೀಲಿ’ ಅಂದರು. ನಾನು ಏಳಲಿಲ್ಲ. ನೆಲದ ಮರಳಿನ ಮೇಲೆ ಬೆರಳಿನಿಂದ ಆ ಕೊಡೆ ಬರೆಯಲು ನೋಡುತ್ತಿದ್ದೆ.

ಅದು ಯಾವ ಚಿತ್ರ, ಯಾರದು ಎಂದು ಗೊತ್ತಾಗಲು ನಲವತ್ತು ವರ್ಷ ಹಿಡಿಯಿತು.

ಆಗಿನ ವ್ಯವಸ್ಥೆ ಹೀಗಿತ್ತು. 1948ರಲ್ಲಿ ಕೇಂದ್ರ ಸರ್ಕಾರ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಶುರು ಮಾಡಿತು. ಅಲ್ಲಿ ತಯಾರಾದ ಸುದ್ದಿಚಿತ್ರ, ಸಾಕ್ಷ್ಯಚಿತ್ರಗಳನ್ನು ಮುಖ್ಯ ಸಿನಿಮಾಕ್ಕೆ ಮುಂಚೆ ತೋರಿಸಲೇಬೇಕು ಎಂಬುದು ಟಾಕೀಸಿನ ಲೈಸೆನ್ಸಿನ ಷರತ್ತು. ಅದಕ್ಕಾಗಿ ಮಾಲೀಕ ವಾರದ ಗಳಿಕೆಯಲ್ಲಿ ನೂರಕ್ಕೆ ಒಂದರ ಲೆಕ್ಕದಲ್ಲಿ ಬಾಡಿಗೆಯನ್ನೂ ಕಟ್ಟಬೇಕಿತ್ತು. ಹಾಗಾಗಿ ಅಣೆಕಟ್ಟು, ಗೊಬ್ಬರ, ಸಿಡುಬಿನ ಚುಚ್ಚುಮದ್ದು, ಒಮ್ಮೊಮ್ಮೆ ಒಬ್ಬ ಚಿತ್ರಕಲಾವಿದ, ಒಬ್ಬ ಸಂಗೀತಗಾರ ನಮ್ಮಂಥ ಊರಿನ ಪರದೆಯ ಮೇಲೂ ಹಾದುಹೋಗುತ್ತಿದ್ದರು. ಬಲವಂತದ ಊಟ ಎಂದು ಬೈದವರೇ ಹೆಚ್ಚು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಬಲವಂತ ಇಲ್ಲದಿದ್ದರೆ ನಾನು ಡ್ರಾಯಿಂಗ್ ಮೇಷ್ಟ್ರು ಆಗುತ್ತಿರಲಿಲ್ಲ.

ಟೆಂಟಿಗಿಂತ ಮುಂಚೆ ವಾರ್ತಾ ಇಲಾಖೆಯ ವ್ಯಾನು ಇತ್ತು. ವರ್ಷಕ್ಕೆ ಒಂದೆರಡು ಸಲ ಬಂದು ಅಶ್ವತ್ಥಕಟ್ಟೆಯ ಮುಂದೆ ನಿಲ್ಲುತ್ತಿತ್ತು. ಎರಡು ಗಳು ನೆಟ್ಟು ಬಿಳಿ ಬಟ್ಟೆ ಕಟ್ಟುವರು. ಪುಟ್ಟ ಪ್ರೊಜೆಕ್ಟರು ಟರಟರ ಅನ್ನುತ್ತಿದ್ದ ಹಾಗೆ ಊರಿನ ಅರ್ಧ ಜನ ಬಟ್ಟೆಯ ಈಚೆ, ಅರ್ಧ ಜನ ಆಚೆ. ಆಚೆ ಕೂತವರಿಗೆ ಎಲ್ಲ ಉಲ್ಟಾ. ನೇಗಿಲು ಹಿಡಿದ ರೈತ ಎಡಚನಾಗುವನು, ಅಕ್ಷರ ತಿರುಗಿ ನಿಲ್ಲುವುದು. ನಮ್ಮಜ್ಜಿಗೆ ಆಚೆ ಬದಿಯೇ ಇಷ್ಟ, ಅಲ್ಲಿ ಸೊಳ್ಳೆ ಕಡಿಮೆ. ಸಾಕ್ಷ್ಯಚಿತ್ರದ ಇತಿಹಾಸ ಬರೆಯುವವರು ದೊಡ್ಡ ಊರುಗಳ ಸಭಾಂಗಣಗಳಿಂದ ಶುರು ಮಾಡುತ್ತಾರೆ. ನಮ್ಮ ಕಡೆಯ ಇತಿಹಾಸ ಶುರುವಾಗುವುದು ಆ ಬಟ್ಟೆಯಿಂದ.

ಇನ್ನು ಟೆಂಟು. ಸಂಜೆ ‘ನಮೋ ವೆಂಕಟೇಶ’ ಹಾಡು ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರು ಮಾಡಿದರು ಎಂದರ್ಥ. ಹೊಸ ಚಿತ್ರ ನಮ್ಮಲ್ಲಿಗೆ ಎಲ್ಲಿ ಬರಬೇಕು! ಮೆಜೆಸ್ಟಿಕ್ಕಿನಲ್ಲಿ ಓಡಿ, ಪೇಟೆಗಳನ್ನೆಲ್ಲ ಸುತ್ತಿ, ಗೀರು ಬಿದ್ದ ಪ್ರಿಂಟು ಕೊನೆಗೆ ನಮ್ಮ ಪಾಲಿಗೆ. 1954ರ ‘ಬೇಡರ ಕಣ್ಣಪ್ಪ’, 1960ರ ‘ಭಕ್ತ ಕನಕದಾಸ’ ಇವೆಲ್ಲ ಬಿಡುಗಡೆಯಾಗಿ ಹತ್ತು ವರ್ಷ ಕಳೆದ ಮೇಲೂ ಬರುತ್ತಿದ್ದವು, ಜನ ಮತ್ತೆ ಹೋಗುತ್ತಿದ್ದರು. ಹಳೆಯ ಚಿತ್ರಗಳನ್ನು ಆಯ್ದು, ಸರದಿ ಹಾಕಿ, ಮತ್ತೆ ಮತ್ತೆ ತೋರಿಸುವುದನ್ನು ಈಗ ಕಲಾ ಸಂಗ್ರಹಾಲಯಗಳು ಒಂದು ಶಾಸ್ತ್ರದಂತೆ ಮಾಡುತ್ತವೆ. ನಮ್ಮ ಟೆಂಟು ಬೇರೆ ದಾರಿಯಿಲ್ಲದೆ ಅದನ್ನೇ ಮಾಡುತ್ತಿತ್ತು.

ಒಂದು ವ್ಯತ್ಯಾಸ ಇತ್ತು, ಅದು ದೊಡ್ಡದು. ಟೆಂಟು ತೋರಿಸುತ್ತಿತ್ತು, ಉಳಿಸುತ್ತಿರಲಿಲ್ಲ. ರೀಲು ಕಿತ್ತುಹೋದಾಗ ಆಪರೇಟರ್ ಹಾಳಾದಷ್ಟನ್ನು ಕತ್ತರಿಸಿ ಅಂಟಿಸುತ್ತಿದ್ದ. ಕತ್ತರಿಸಿದ ತುಂಡು ಬೆಳಿಗ್ಗೆ ಹುಡುಗರ ಪಾಲು. ನನ್ನ ಜಾಮಿಟ್ರಿ ಬಾಕ್ಸಿನಲ್ಲಿ ಅಂಥ ಹದಿನಾರು ತುಂಡುಗಳಿದ್ದವು. ಬಿಸಿಲಿಗೆ ಹಿಡಿದರೆ ಬೆರಳುಗುರಿನಷ್ಟು ರಾಜಕುಮಾರ್, ಅರ್ಧ ಎತ್ತಿದ ಕೈ. ಒಂದೊಂದು ಊರಿನಲ್ಲೂ ಹೀಗೆ ಒಂದೊಂದು ಗೇಣು ಕಳೆದುಕೊಂಡು ಚಿತ್ರಗಳು ಸವೆದವು ಎಂದು ಆಗ ಯಾರಿಗೆ ಗೊತ್ತು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರಿಂಟೂ ಇಲ್ಲ. ಶಾಸನಗಳನ್ನು ಸಾವಿರ ವರ್ಷ ಕಾಪಾಡಿಕೊಂಡ ನಾಡು ಇದು. ಅದೇ ನಾಡಿನಲ್ಲಿ ನೂರು ವರ್ಷವೂ ಆಗದ ಚಿತ್ರ ಇಲ್ಲವಾಗಿದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

‘ಸತಿ ಸುಲೋಚನ’ ಬಂದ ಮರುವರ್ಷವೇ, 1935ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಫಿಲಂ ಲೈಬ್ರರಿ ತೆರೆಯಿತು. ಅದನ್ನು ಕಟ್ಟಿದವರು ಐರಿಸ್ ಬ್ಯಾರಿ. ಚಿತ್ರಕಲೆ, ಶಿಲ್ಪದ ಸಾಲಿನಲ್ಲಿ ಸಿನಿಮಾವನ್ನೂ ಇಟ್ಟು, ಸ್ಟುಡಿಯೋಗಳು ಬೇಡವೆಂದ ಹಳೆಯ ಪ್ರಿಂಟುಗಳನ್ನು ಕೇಳಿ ತಂದು, ಕಾಲೇಜುಗಳಿಗೆ ಎರವಲು ಕಳಿಸಿದರು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂದದ್ದು 1964ರಲ್ಲಿ. ಅಲ್ಲಿನ ಪಿ.ಕೆ. ನಾಯರ್ ರೀಲುಗಳನ್ನು ಕಾಪಾಡಿದ್ದಲ್ಲದೆ ಊರೂರಿನ ಫಿಲಂ ಸೊಸೈಟಿಗಳಿಗೆ ಕಳಿಸಿಕೊಟ್ಟರು. ನಮಗೆ ಎರಡನೆಯದೇ ಹೆಚ್ಚಿನ ಉಪಕಾರ.

ಬೆಂಗಳೂರಿನಲ್ಲಿ ಸುಚಿತ್ರಾ ಫಿಲಂ ಸೊಸೈಟಿ 1971ರಲ್ಲಿ ಹುಟ್ಟಿತು. 1980ರಲ್ಲಿ ನಗರದಲ್ಲಿ ಫಿಲ್ಮೋತ್ಸವ ನಡೆದ ಹೊತ್ತಿನಲ್ಲಿ ಬನಶಂಕರಿಯ ಅದರ ಸ್ವಂತ ಕಟ್ಟಡಕ್ಕೆ ಸತ್ಯಜಿತ್ ರಾಯ್ ಅಡಿಗಲ್ಲು ಇಟ್ಟರು. ಮಾರತ್ತಹಳ್ಳಿಯಿಂದ ಬನಶಂಕರಿಗೆ ಎರಡು ಬಸ್ಸು, ರಾತ್ರಿ ಹಿಂದಿರುಗಲು ಒಂದೂ ಇಲ್ಲ. ದೊಮ್ಮಲೂರಿನವರೆಗೆ ಹೇಗೋ ಬಂದು ಅಲ್ಲಿಂದ ನಡೆದದ್ದುಂಟು. ರಸ್ತೆಯ ಒಂದು ಬದಿ ವಿಮಾನ ನಿಲ್ದಾಣದ ಬೇಲಿ, ಇನ್ನೊಂದು ಬದಿ ಕತ್ತಲು. ತಲೆಯೊಳಗೆ ಮಾತ್ರ ಆಗಷ್ಟೇ ನೋಡಿದ ಚಿತ್ರ ಓಡುತ್ತಲೇ ಇರುತ್ತಿತ್ತು.

ಆ ದಿನಗಳಲ್ಲಿ ಹೆಗ್ಗೋಡಿನ ಸುದ್ದಿ ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಹಳ್ಳಿಯಲ್ಲಿ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮಾನ್’ ತೋರಿಸಿದರು. ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎಂದವರಿಗೆ ಹಳ್ಳಿಯವರೇ ಕೂತು ನೋಡಿ ಉತ್ತರ ಕೊಟ್ಟರು. ಹೆಗ್ಗೋಡಿಗೆ ಸಾಧ್ಯವಾದದ್ದು ರಾಜಧಾನಿಯ ಮಗ್ಗುಲಲ್ಲಿದ್ದ ನಮ್ಮೂರಿಗೆ ಆಗಲಿಲ್ಲ. ನಮ್ಮ ಹೊಲಗಳು ಲೇಔಟ್ ಆದವು, ಟೆಂಟು ಎದ್ದುಹೋಯಿತು, ರಿಂಗ್ ರೋಡ್ ಬಂತು, ಸೇತುವೆ ಬಂತು, ಮಲ್ಟಿಪ್ಲೆಕ್ಸ್ ಬಂತು. ತುಳಸಿ ಥಿಯೇಟರ್ ಎಂಬುದು ಬಸ್ ಸ್ಟಾಪಿನ ಹೆಸರಾಯಿತು. ಒಂದು ಹಳೆಯ ಚಿತ್ರವನ್ನು ಕೂಡಿ ಕೂತು ನೋಡಿ, ದೀಪ ಹಾಕಿದ ಮೇಲೂ ಏಳದೆ ಮಾತಾಡುವ ಒಂದು ಕೋಣೆ ಮಾತ್ರ ಬರಲಿಲ್ಲ.

2009ರ ಫೆಬ್ರವರಿಯಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬೆಂಗಳೂರು ಶಾಖೆ ತೆರೆಯಿತು. ಹಳೆಯ ಮರಗಳನ್ನು ಉಳಿಸಿಕೊಂಡು, ಹಳೆಯ ಮನೆಗೆ ಹೊಸ ಭಾಗ ಜೋಡಿಸಿ ಕಟ್ಟಿದ ಜಾಗ. ಅಲ್ಲೊಂದು ಸಭಾಂಗಣ. ಚಿತ್ರಕಲೆ ನೋಡಲು ಹೋಗಿದ್ದವನು ಕಲಾವಿದರ ಕುರಿತ ಚಿತ್ರಗಳಿವೆ ಎಂದು ತಿಳಿದು ಒಳಗೆ ಹೋಗಿ ಕೂತೆ. ದೀಪ ಆರಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ಕೊಡೆ, ಒಂದು ಲಾಟೀನು.

ಎಂ.ಎಫ್. ಹುಸೇನ್ ರಾಜಸ್ಥಾನಕ್ಕೆ ಹೋಗಿ ಫಿಲ್ಮ್ಸ್ ಡಿವಿಷನ್‌ಗಾಗಿ ಮಾಡಿದ ‘ಥ್ರೂ ದಿ ಐಸ್ ಆಫ್ ಎ ಪೇಂಟರ್’. 1967ರ ಬರ್ಲಿನ್ ಉತ್ಸವದಲ್ಲಿ ಕಿರುಚಿತ್ರಕ್ಕೆ ಕೊಡುವ ಚಿನ್ನದ ಕರಡಿ ಪಡೆದ ಚಿತ್ರ. ಬರ್ಲಿನ್ನಿನಲ್ಲಿ ಮೆರೆದದ್ದು ಮಾರತ್ತಹಳ್ಳಿಯ ಟೆಂಟಿಗೂ ಬಂದಿತ್ತು, ಜನ ಬೀಡಿ ಸೇದಲು ಹೋಗಿದ್ದರು. ಕತ್ತಲಲ್ಲಿ ನನ್ನ ಕಣ್ಣು ತುಂಬಿ ಬಂತು. ಅಪ್ಪ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು.

ಆಮೇಲೆ ನಾನು ಸಾಕ್ಷ್ಯಚಿತ್ರಗಳ ಬೆನ್ನು ಬಿಡಲಿಲ್ಲ. ದೃಷ್ಟಿ ಹೋದ ಮೇಲೂ ಬೆರಳಿನಿಂದ ತಡವಿ ಆಕಾರ ಕೊಡುವ ಬಿನೋದ್ ಬಿಹಾರಿ ಮುಖರ್ಜಿ ಅವರನ್ನು ರಾಯ್ 1972ರಲ್ಲಿ ತೆಗೆದ ‘ದಿ ಇನ್ನರ್ ಐ’ಯಲ್ಲಿ ಕಂಡೆ. ಅದೇ ವರ್ಷ ಗಿರೀಶ ಕಾರ್ನಾಡರು ಮಾಡಿದ ಬೇಂದ್ರೆ ಚಿತ್ರವನ್ನೂ ನೋಡಿದೆ. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆರೆದಾಗ ಅಲ್ಲಿಯೂ ಒಂದು ಸಭಾಂಗಣ ಇರುವುದನ್ನು ನೋಡಿ ಸಂತೋಷಪಟ್ಟೆ.

ಆದರೆ ಒಂದು ಚಿತ್ರ ನನ್ನನ್ನು ಕಾಡುತ್ತಲೇ ಇದೆ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದ ಕಥೆ. ದೀಪಾ ಧನರಾಜ್ ಮತ್ತು ಯುಗಾಂತರ್ ತಂಡದವರು ಆ ಹೆಂಗಸರ ಜೊತೆಗೇ ಇದ್ದು 1982ರಲ್ಲಿ ಅದನ್ನು ಮಾಡಿದರು. ಹೊಗೆಸೊಪ್ಪಿನ ದೂಳು ತುಂಬಿದ ಕೋಣೆ, ಮೂಗಿಗೆ ಸೆರಗು ಕಟ್ಟಿಕೊಂಡು ಕೂತವರು. ಹೊತ್ತುಕೊಂಡು ಹೋಗುವ ಪ್ರೊಜೆಕ್ಟರ್ ಹಿಡಿದು ಸಂಘಗಳ ಸಭೆಗಳಲ್ಲಿ ಅದನ್ನು ತೋರಿಸುತ್ತಿದ್ದರು. ಮುಂದೆ ಅದನ್ನು ಹೊಸದಾಗಿ ಶುದ್ಧಗೊಳಿಸಿ ಉಳಿಸಿದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ಉಳಿಯಿತಲ್ಲ ಎಂಬ ಸಮಾಧಾನ ನನಗಿದೆ. ಆದರೆ ಕೆಲಸಗಾರರ ಸಭೆಯಿಂದ ಹೊರಟ ಚಿತ್ರ ತಣ್ಣನೆಯ ಸಭಾಂಗಣ ಸೇರಿದ ಮೇಲೆ ಕೆಲಸಗಾರರಿಗೆ ಅದು ಸಿಗುವುದು ಹೇಗೆ? ನಮ್ಮ ಮೆಟ್ರೊ ಕಟ್ಟಿದ ವಲಸೆ ಕೂಲಿಗಳ ಮೇಲೆ ಏಕ್ತಾ ಮಿತ್ತಲ್ ಮತ್ತು ಯಶಸ್ವಿನಿ ರಘುನಂದನ್ ‘ಪ್ರೆಸೆನ್ಸ್’ ಮಾಡಿದ್ದಾರೆ. ಆ ಚಿತ್ರದಲ್ಲಿ ಕಾಣುವಂಥ ತಗಡಿನ ಶೆಡ್ಡುಗಳು ನನ್ನ ಮನೆಯ ಹಿಂದೆಯೇ ಇವೆ. ಅಲ್ಲಿನವರು ಭಾನುವಾರ 335ಇ ಬಸ್ಸು ಹತ್ತಿ ಅರಮನೆ ರಸ್ತೆಗೆ ಹೋಗುವುದಿಲ್ಲ. ಬಟ್ಟೆಯೇ ಅವರಿದ್ದಲ್ಲಿಗೆ ಬರಬೇಕು, ವ್ಯಾನು ಬರುತ್ತಿದ್ದ ಹಾಗೆ.

ಕಳೆದ ಸಂಕ್ರಾಂತಿಯ ಮರುದಿನ ಪಕ್ಕದ ಮನೆಯ ಹುಡುಗನ ಪ್ರೊಜೆಕ್ಟರ್ ಎರವಲು ತಂದು, ತಾರಸಿಯ ಮೇಲೆ ನನ್ನದೇ ಬಿಳಿ ಪಂಚೆ ಕಟ್ಟಿದೆ. ಶೆಡ್ಡಿನಿಂದ ಹದಿನೈದಿಪ್ಪತ್ತು ಜನ ಬಂದರು, ಹೆಚ್ಚಿನವರು ಯಾದಗಿರಿ ಕಡೆಯವರು. ಹುಸೇನ್ ಚಿತ್ರ ಹಾಕಿದೆ. ಮಕ್ಕಳು ಪಂಚೆಯ ಆಚೆಗೂ ಹೋಗಿ ಕೂತರು. ಯಾರೂ ಎದ್ದು ಹೋಗಲಿಲ್ಲ. ಮುಗಿದಾಗ ಒಬ್ಬ ಗಾರೆ ಕೆಲಸದವರು ಕೇಳಿದರು: ‘ಮಾತು ಇಲ್ಲದ್ದಕ್ಕ ಛಂದ ಆತು ನೋಡ್ರಿ ಸರ್. ಆ ಛತ್ರಿ ಮತ್ತ ಮತ್ತ ಯಾಕ ಬರ್ತದ?’ ನನಗೆ ತಿಳಿದಷ್ಟು ಹೇಳಿದೆ. ಅವರ ಹೆಂಡತಿ ಅದು ಬಿಸಿಲಿಗೆ ಎಂದರು, ಇನ್ನೊಬ್ಬರು ಮಳೆ ಕಾಯ್ತಿರೋದು ಎಂದರು. ಮಾತು ಬೆಳೆಯಿತು.

‘ಇನ್ನೊಂದ್ ಸಲ ಹಾಕ್ರಿ’ ಅಂದರು.

ಮತ್ತೆ ಹಾಕಿದೆ. ಎರಡನೇ ಸಲ ಮುಗಿದಾಗ ಹತ್ತೂವರೆಯಾಗಿತ್ತು, ಪಂಚೆ ಮಂಜಿಗೆ ಒದ್ದೆಯಾಗಿತ್ತು.