ಝೈರ್: ಮೊಬುಟುವಿನ ನಾಣ್ಯ

ಮಧ್ಯ ಆಫ್ರಿಕದ ಕಾಂಗೋದಲ್ಲಿ 1965ರ ಸೇನಾಕ್ರಾಂತಿಯಿಂದ ಅಧಿಕಾರಕ್ಕೇರಿದ ಮೊಬುಟು, 1967ರಲ್ಲಿ ‘ಝೈರ್’ ಎಂಬ ಹೊಸ ನಾಣ್ಯವನ್ನು ಜಾರಿಗೆ ತಂದನು. ಆಗ ಒಂದು ಝೈರ್‌ಗೆ ಎರಡು ಅಮೆರಿಕನ್ ಡಾಲರ್ ಬೆಲೆ. 1971ರಲ್ಲಿ ದೇಶಕ್ಕೂ ಅದೇ ಹೆಸರಾಯಿತು.

ಬೊಕ್ಕಸಕ್ಕೆ ತಾಮ್ರದ ರಫ್ತೇ ಮುಖ್ಯ ಆಧಾರ. 1973ರ ನವೆಂಬರಿನಲ್ಲಿ ಸರ್ಕಾರ ವಿದೇಶೀಯರ ಅಂಗಡಿ, ತೋಟ, ಉದ್ದಿಮೆಗಳನ್ನು ಕಿತ್ತುಕೊಂಡು ಆಪ್ತರಿಗೆ ಹಂಚಲು ತೊಡಗಿತು. ಮರುವರ್ಷ ತಾಮ್ರದ ಬೆಲೆ ಕುಸಿಯಿತು. ಬೆಲೆಯ ಕುಸಿತ ಯಾವ ದೇಶಕ್ಕಾದರೂ ಒದಗಬಹುದಾದ ವಿಪತ್ತು. ವ್ಯಾಪಾರ ಬಲ್ಲವರನ್ನೇ ಹೊರದೂಡಿದ್ದು ಮಾತ್ರ ಸ್ವಯಂಕೃತಾಪರಾಧ. ಸಾಲ ಬೆಳೆಯಿತು, ವರಮಾನ ಕರಗಿತು. ಕೊನೆಗೆ ನೋಟು ಮುದ್ರಿಸುವುದೊಂದೇ ಆಡಳಿತಕ್ಕೆ ಉಳಿದ ದಾರಿಯಾಯಿತು.

1993ರ ಜನವರಿಯಲ್ಲಿ ಸೈನಿಕರಿಗೆ ಐವತ್ತು ಲಕ್ಷ ಝೈರ್‌ಗಳ ಹೊಸ ನೋಟುಗಳಲ್ಲಿ ಸಂಬಳ ಕೊಡಲಾಯಿತು. ಮೊಬುಟುವಿನ ಎದುರಾಳಿಯಾಗಿದ್ದ ಪ್ರಧಾನಿ ಚಿಸೆಕೇಡಿ ಆ ನೋಟು ಸಿಂಧುವಲ್ಲವೆಂದು ಸಾರಿದ್ದರು. ವರ್ತಕರು ಅದನ್ನು ಮುಟ್ಟಲಿಲ್ಲ. ಕೆರಳಿದ ಸೈನಿಕರು ರಾಜಧಾನಿ ಕಿನ್ಶಾಸವನ್ನು ಲೂಟಿ ಮಾಡಿದರು. ಸತ್ತವರಲ್ಲಿ ಫ್ರಾನ್ಸಿನ ರಾಯಭಾರಿಯೂ ಒಬ್ಬರು.

ಅದೇ ವರ್ಷದ ಅಕ್ಟೋಬರಿನಲ್ಲಿ ಮೂವತ್ತು ಲಕ್ಷ ಹಳೆಯ ಝೈರ್‌ಗಳಿಗೆ ಒಂದರಂತೆ ‘ಹೊಸ ಝೈರ್’ ಬಂದಿತು. ಚಿಸೆಕೇಡಿಯವರ ತವರಾದ, ವಜ್ರದ ಗಣಿಗಳ ಕಸಾಯಿ ಪ್ರಾಂತ ಅದನ್ನು ತಿರಸ್ಕರಿಸಿ, ಜೀರ್ಣವಾದ ಹಳೆಯ ನೋಟುಗಳಲ್ಲೇ ವ್ಯವಹರಿಸಿತು. ಅವುಗಳ ಹಿಂದೆ ಸರ್ಕಾರದ ಅಭಯವಿರಲಿಲ್ಲ. ಹೊಸದಾಗಿ ಮುದ್ರಿಸಿ ಸುರಿಯುವವರೂ ಇರಲಿಲ್ಲ. ಕಸಾಯಿಯಲ್ಲಿ ಬೆಲೆಗಳು ರಾಜಧಾನಿಯಷ್ಟು ಏರಲಿಲ್ಲ.

1997ರಲ್ಲಿ ಮೊಬುಟು ದೇಶ ಬಿಟ್ಟು ಓಡಿದನು. ಮರುವರ್ಷ ಬಂದ ಕಾಂಗೋ ಫ್ರಾಂಕ್ ಒಂದಕ್ಕೆ ಒಂದು ಲಕ್ಷ ಹೊಸ ಝೈರ್‌ಗಳನ್ನು ತೆರಬೇಕಾಯಿತು.