ಅವರೆ ಯಾರದು?

ಚೆನ್ನೈಗೆ ಬಂದು ಮೂವತ್ತು ವರ್ಷ ಆಯ್ತು. ಈಗಲೂ ಡಿಸೆಂಬರ್ ಬಂತೆಂದರೆ ಮೂಗು ಮಾಗಡಿ ಕಡೆಗೇ ತಿರುಗುತ್ತೆ. ಕಾರಣ ಗೊತ್ತಲ್ಲ? ಸೊಗಡಿನ ಅವರೆಕಾಯಿ!

ಹೋದ ವರ್ಷ ಊರಿಂದ ಹೊರಡುವಾಗ ಅಮ್ಮ ಒಂದು ಹಿಡಿ ಚಪ್ಪರದವರೆ ಬೀಜ ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರು. "ಇಷ್ಟೇ ಉಳಿದಿರೋದು, ಹಾಳು ಮಾಡ್ಬೇಡ" ಅಂತ ಬೇರೆ. ಅವಸರಪಟ್ಟು ಸಂಕ್ರಾಂತಿ ಮುಗಿಯುತ್ತಲೇ ಅರ್ಧ ಹಾಕಿಬಿಟ್ಟೆ. ಬಳ್ಳಿ ತಾರಸಿಯ ಹಗ್ಗದ ಮೇಲೆಲ್ಲ ಹಬ್ಬಿತು, ಆದ್ರೆ ಒಂದು ಹೂವೂ ಇಲ್ಲ. ಪಕ್ಕದ ಮನೆ ಮಾಮಿ ನಕ್ಕರು: "ಆಡಿ ಮಾಸದಲ್ಲಿ ಹಾಕ್ಬೇಕು ಸಾರ್!" ಆಡಿ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಹಳೇ ತಳಿಯ ಅವರೆ ಹೂ ಬಿಡೋದು ಹಗಲು ಕಿರಿದಾಗುತ್ತಾ ಬಂದಾಗಲೇ ಅಂತೆ. ಉಳಿದರ್ಧ ಬೀಜವನ್ನು ಆಡಿಯಲ್ಲಿ ಹಾಕಿದೆ. ಡಿಸೆಂಬರಿಗೆ ಗೊಂಚಲು ಗೊಂಚಲು ಕಾಯಿ!

ಮೊದಲ ಕೊಯ್ಲು ಮಾಮಿಗೇ ಕೊಟ್ಟೆ. "ಅವರೈ ನಮ್ಮದು, ಸಂಗಂ ಕಾಲದ ಕುರುಂತೊಗೈನಲ್ಲೇ ಇದೆ" ಅಂದರು. ನಾನು ಬಿಡ್ತೀನಾ? ಹೊಯ್ಸಳ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ್ದು, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದು, ಬೆಂದಕಾಳೂರೇ ಬೆಂಗಳೂರಾಗಿದ್ದು, ಎಲ್ಲಾ ಹೇಳಿದೆ. ನನಗೆ ಈ ಕಥೆ ಹೇಳಿದ್ದು ಅಮ್ಮ, ಅವರೆ ಸುಲಿಯುತ್ತಾ.

ಆಮೇಲೆ ಪುಸ್ತಕ ತೆಗೆದು ನೋಡಿದರೆ ನನ್ನ ವಾದವೇ ಬಿದ್ದುಹೋಯ್ತು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಬೇಗೂರಿನ ದೇವಸ್ಥಾನದ ವೀರಗಲ್ಲಿನಲ್ಲಿ 'ಬೆಂಗಳೂರು' ಕಾಳಗದ ಮಾತಿದೆ. ಅದು ಗಂಗರ ಕಾಲದ್ದು, ಸುಮಾರು ಕ್ರಿ.ಶ. 890. ಅಂದರೆ ರಾಜನಿಗೆ ಹಸಿವಾಗುವ ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು.

ಹಾಗಂತ ಮಾಮಿ ಗೆದ್ದರು ಅನ್ನುವಂತೆಯೂ ಇಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದ ರೈತರ ನೆಲೆ ಅಗೆದಾಗ ಸುಟ್ಟು ಕರಕಲಾದ ಅವರೆ ಸಿಕ್ಕಿದೆ. ಅದು ಸುಮಾರು 3,500 ವರ್ಷ ಹಳೆಯದು. ಆಗ ಹೊಯ್ಸಳರೂ ಇಲ್ಲ, ಸಂಗಂ ಕವಿಗಳೂ ಇಲ್ಲ. ಇಷ್ಟಾಗಿಯೂ ಅವರೆ ಈ ನೆಲದ್ದಲ್ಲ! ಅದರ ಕಾಡುಮೂಲ ಆಫ್ರಿಕಾದಲ್ಲಿದೆ. ಯಾರ ಕೈಯಲ್ಲೋ, ಯಾವ ಗಂಟಿನಲ್ಲೋ ಸಮುದ್ರ ದಾಟಿ ಬಂದು ಇಲ್ಲಿ ಬೇರು ಬಿಟ್ಟಿದೆ. ನಮ್ಮ ಹಾಗೇ ವಲಸೆ ಬಂದಿದ್ದು.

ಅಮ್ಮನಿಗೆ ಹೇಳೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಫೋನಿನಲ್ಲಿ ಹೇಳಿಯೇಬಿಟ್ಟೆ. "ಕಲ್ಲಲ್ಲಿ ಏನಾದ್ರೂ ಬರ್ಕೊಂಡಿರ್ಲಿ ಬಿಡು. ಗುರುತಿಲ್ಲದವನಿಗೆ ಆ ಅಜ್ಜಿ ಊಟ ಹಾಕಿದ್ಲಲ್ಲ, ಅದಕ್ಕೇ ಆ ಕಥೆ ಹೇಳಿದ್ದು. ಅದಿರ್ಲಿ, ಬೀಜಕ್ಕೆ ಬಿಟ್ಟಿದೀಯೋ ಇಲ್ವೋ?" ಅಂದರು.

ಬಿಟ್ಟಿದ್ದೀನಿ. ನಾಲ್ಕು ಗೊಂಚಲು ಬಳ್ಳಿಯಲ್ಲೇ ಒಣಗ್ತಾ ಇವೆ. ಅಮ್ಮನಿಗೆ ಒಂದು ಹಿಡಿ, ಮಾಮಿಗೆ ಒಂದು ಹಿಡಿ. ಇನ್ನೂ ಸ್ವಲ್ಪ ಮಿಗುತ್ತೆ. ನಿಮ್ಮ ತಾರಸಿಯಲ್ಲಿ ಹಗ್ಗ ಕಟ್ಟೋಕೆ ಜಾಗ ಇದೆಯಾ?