ದಾಖಲೆಯ ಹಾದಿ: ಮುಂಬಯಿ, ಹೈದರಾಬಾದು, ಧಾರವಾಡ

ನಮ್ಮ ಧಾರವಾಡ ಸೀಮೆಯಲ್ಲಿ ಸಾಲಿ ಬಿಡುವಾಗ ಕೊಡುವ ಕಾಗದಕ್ಕೆ ‘ದಾಖಲೆ’ ಎನ್ನುತ್ತಾರೆ. ವಿಚಿತ್ರವೆಂದರೆ ಇದರ ಅರಬ್ಬಿ ಮೂಲದ ಅರ್ಥ ಒಳಗೆ ಬರುವುದು. ಉರ್ದುವಿನಲ್ಲಿ ಇಂದಿಗೂ ‘ದಾಖಿಲಾ’ ಎಂದರೆ ಪ್ರವೇಶ. ಹೊರಗೆ ಹೋಗುವಾಗ ಕೊಟ್ಟ ಕಾಗದವಿಲ್ಲದೆ ಇನ್ನೊಂದು ಕಡೆ ಒಳಗೆ ಬಿಡುವುದಿಲ್ಲವಾದ್ದರಿಂದ, ಒಂದೇ ಶಬ್ದ ಎರಡೂ ಬಾಗಿಲನ್ನು ಕಾಯುತ್ತಿದೆ. ಅರ್ಜಿ, ಹಾಜರಿ, ನಕಲು, ಅಸಲು, ಮೊಹರು, ಮಂಜೂರು, ಬಾಕಿ - ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿಯೊಬ್ಬ ದಿನವಿಡೀ ಕೇಳಿಸಿಕೊಳ್ಳುವ ಮಾತುಗಳೆಲ್ಲ ಅರಬ್ಬಿ-ಫಾರಸಿಯಿಂದ ಬಂದು ಕನ್ನಡವಾದವು. ಉರ್ದು ಶಾಲೆಯಿಂದ ಬಂದ ಹುಡುಗನಿಗೆ ಕಚೇರಿಯ ಭಾಷೆ ಪರಿಚಿತ, ತರಗತಿಯ ಭಾಷೆ ಮಾತ್ರ ಅಪರಿಚಿತ!

ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವುದು ಇಂದು ಖಾಸಗಿ ಕಷ್ಟದಂತೆ ಕಾಣುತ್ತದೆ. ಟಿ.ಸಿ., ಮೈಗ್ರೇಶನ್, ಎಲಿಜಿಬಿಲಿಟಿ, ಅಂಕಪಟ್ಟಿ, ಹಳೆಯ ಪಠ್ಯಕ್ರಮದ ಪ್ರತಿ, ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಕಿಟಕಿಯಿಂದ ಕಿಟಕಿಗೆ ಅಲೆಯುವ ಕಷ್ಟ. ಆದರೆ ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಇದಕ್ಕೊಂದು ದೊಡ್ಡ ಚರಿತ್ರೆಯಿದೆ. ಇಲ್ಲಿ ವಿದ್ಯಾರ್ಥಿಗಳು ಊರು ಬದಲಿಸಿದ್ದಕ್ಕಿಂತ ವಿಶ್ವವಿದ್ಯಾಲಯಗಳೇ ಜಾಗ ಬದಲಿಸಿದ್ದು ಹೆಚ್ಚು.

1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಕೈಕೆಳಗೆ ಧಾರವಾಡ ಸುಮಾರು ಒಂಬತ್ತು ದಶಕ ಇತ್ತು. ಮೆಟ್ರಿಕ್ ಇಲ್ಲೇ ಆಗುತ್ತಿತ್ತು, ಮುಂದಿನದಕ್ಕೆ ಪುಣೆಯ ರೈಲು ಹತ್ತಬೇಕು. ಆಲೂರ ವೆಂಕಟರಾಯರು ಹಾಗೆ ಫರ್ಗ್ಯುಸನ್ ಕಾಲೇಜಿಗೆ ಹೋದವರು. ಬೇಂದ್ರೆಯವರೂ ಅಲ್ಲಿಯೇ ಓದಿ 1918ರಲ್ಲಿ ಬಿ.ಎ. ಆದರು. ಪುಣೆಯಲ್ಲಿ ಕೋಣೆ, ಖಾನಾವಳಿ, ಫೀ ಇವುಗಳ ಖರ್ಚನ್ನು ಹೊರುವ ಶಕ್ತಿ ಎಷ್ಟು ಮನೆಗಳಿಗಿತ್ತು ಎಂಬುದನ್ನು ಯೋಚಿಸಿದರೆ, ಆ ಕಾಲದ ಪದವೀಧರರ ಪಟ್ಟಿಯಲ್ಲಿ ಕೃಷಿಕರು, ನೇಕಾರರು, ಮುಸ್ಲಿಮರು ಏಕೆ ವಿರಳ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಕರ್ನಾಟಕ ಕಾಲೇಜು ಬಂತು. ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡದಲ್ಲಿ ಅದು ನೆಲೆಸಿತು. ಕಾಲೇಜು ಊರಿಗೆ ಬಂದರೂ ಪರೀಕ್ಷೆ, ಪಠ್ಯ, ಪದವಿ ಮೂರೂ ಮುಂಬಯಿಯವೇ.

1949ರಲ್ಲಿ ಮುಂಬಯಿ ಶಾಸನಸಭೆಯ ಕಾಯ್ದೆಯಿಂದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ಕನ್ನಡದ ಈ ವಿಶ್ವವಿದ್ಯಾಲಯ ಮೊದಲು ಕಣ್ಣು ಬಿಟ್ಟದ್ದು ಮುಂಬಯಿಯಲ್ಲಿ. 1950ರಲ್ಲಿ ಧಾರವಾಡಕ್ಕೆ ಬಂತು. ಆಗ ಕರ್ನಾಟಕ ಕಾಲೇಜಿನಲ್ಲಿಯೂ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿಯೂ ಓದುತ್ತಿದ್ದವರು ತಮ್ಮ ಬೆಂಚು ಬಿಟ್ಟು ಏಳದೆಯೇ ಹೊಸ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದರು. ಇಂಥ ಕಾಯ್ದೆಗಳಲ್ಲಿ ಸಾಮಾನ್ಯವಾಗಿ ಒಂದು ಕಲಮು ಇರುತ್ತದೆ: ಹಳೆಯದರಲ್ಲಿ ಕಲಿತದ್ದನ್ನು ಹೊಸದರಲ್ಲಿ ಕಲಿತದ್ದೆಂದೇ ಭಾವಿಸತಕ್ಕದ್ದು. ‘ಭಾವಿಸತಕ್ಕದ್ದು’ - ಈ ಒಂದು ಕ್ರಿಯಾಪದ ಸಾವಿರಾರು ಜನರ ಮೈಗ್ರೇಶನ್ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ಒಬ್ಬನೇ ವಿದ್ಯಾರ್ಥಿ ತನ್ನ ಕಾರಣಕ್ಕಾಗಿ ಗಡಿ ದಾಟಿದಾಗ ಮಾತ್ರ ಯಾರೂ ಏನನ್ನೂ ಭಾವಿಸುವುದಿಲ್ಲ. ಅವನು ಪ್ರತಿಯೊಂದನ್ನೂ ರುಜುವಾತು ಮಾಡಬೇಕು.

ಇದರ ಇನ್ನೂ ಕಠಿಣ ರೂಪ ನೋಡಬೇಕಾದರೆ ಧಾರವಾಡದಿಂದ ಪೂರ್ವಕ್ಕೆ, ನಿಜಾಮರ ಸೀಮೆಗೆ ಹೋಗಬೇಕು. ಕಲಬುರಗಿ, ಬೀದರ, ರಾಯಚೂರಿನ ಹುಡುಗರ ವಿಶ್ವವಿದ್ಯಾಲಯ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ. ಅಲ್ಲಿ ಬೋಧನಾ ಮಾಧ್ಯಮ ಉರ್ದು. ಅದಕ್ಕಾಗಿಯೇ ತೆರೆದಿದ್ದ ದಾರುಲ್ ತರ್ಜುಮಾ ಎಂಬ ಭಾಷಾಂತರ ಸಂಸ್ಥೆ ಪಠ್ಯಪುಸ್ತಕಗಳನ್ನು ಉರ್ದುವಿಗೆ ತರುತ್ತಿತ್ತು. ಭೌತಶಾಸ್ತ್ರ ‘ತಬೀಯಾತ್’, ರಸಾಯನಶಾಸ್ತ್ರ ‘ಕೀಮಿಯಾ’, ಅರ್ಥಶಾಸ್ತ್ರ ‘ಮಆಶಿಯಾತ್’. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯ ಎಂದು ತೋರಿಸಿದ ಆ ಸಾಹಸವನ್ನು ಮೆಚ್ಚಲೇಬೇಕು. ಅದೇ ಹೊತ್ತಿಗೆ, ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ಬಹುಸಂಖ್ಯಾತರ ಮೇಲೆ ಅದು ಬಿದ್ದ ಭಾರವನ್ನೂ ಒಪ್ಪಿಕೊಳ್ಳಬೇಕು. ಅಲ್ಲಿ ಉರ್ದು ಓದಿದವರೆಲ್ಲ ಮುಸ್ಲಿಮರಲ್ಲ. ಕವಿ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು.

1938ರಲ್ಲಿ ಆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ‘ವಂದೇ ಮಾತರಂ’ ಹಾಡಿದ ವಿದ್ಯಾರ್ಥಿಗಳನ್ನು ಅಧಿಕಾರಿಗಳು ತಡೆದರು. ಮುಷ್ಕರ ಕಲಬುರಗಿಯ ಕಾಲೇಜಿಗೂ ಹಬ್ಬಿತು. ಬಹಳಷ್ಟು ಜನ ಹೊರಬಿದ್ದರು. ಆಗ ನಾಗಪುರ ವಿಶ್ವವಿದ್ಯಾಲಯ ಅವರನ್ನು ಕರೆದು ಪ್ರವೇಶ ಕೊಟ್ಟಿತು, ಪಿ.ವಿ. ನರಸಿಂಹರಾಯರು ಹಾಗೆ ನಾಗಪುರ ಮುಟ್ಟಿದವರಲ್ಲಿ ಒಬ್ಬರು. ಈ ಪ್ರಸಂಗವನ್ನು ನಮ್ಮಲ್ಲಿ ಕೆಲವರು ಬೇಗ ದಾಟಿಹೋಗುತ್ತಾರೆ. ದಾಟಬಾರದು. ಒಂದು ಹಾಡಿಗಾಗಿ ಓದುವ ಹುಡುಗರನ್ನು ಹೊರಹಾಕಿದ್ದು ತಪ್ಪು, ಹಾಕಿದ ಸರ್ಕಾರ ಯಾರದ್ದೇ ಆಗಿರಲಿ. ಮನಸ್ಸಿದ್ದ ವಿಶ್ವವಿದ್ಯಾಲಯವೊಂದು ನಿಯಮಗಳ ನಡುವೆಯೇ ದಾರಿ ಮಾಡಿಕೊಟ್ಟಿತೆಂಬುದೂ ಅಷ್ಟೇ ಮುಖ್ಯ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷ್ ಆಯಿತು. ಕೀಮಿಯಾ ಓದುತ್ತಿದ್ದವನು ಕೆಮಿಸ್ಟ್ರಿ ಓದಬೇಕಾಯಿತು. ಕಾಲೇಜು ಅದೇ, ಕಿತಾಬು ಬೇರೆ. ಎಂಟು ವರ್ಷ ಕಳೆಯುವಷ್ಟರಲ್ಲಿ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯ ಕಾಲೇಜುಗಳು ಧಾರವಾಡದ ವ್ಯಾಪ್ತಿಗೆ ಬಂದವು. ಹೀಗೆ ಮುಂಬಯಿಯ ಮುದ್ರೆಯವರೂ ಹೈದರಾಬಾದಿನ ಮುದ್ರೆಯವರೂ ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಒಂದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದರು. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದರು. ಬೇರೆ ಬೇರೆ ಪಠ್ಯ, ಬೇರೆ ಬೇರೆ ಆಡಳಿತದ ರೂಢಿಗಳಿಂದ ಬಂದ ಕಾಲೇಜುಗಳನ್ನು ಒಂದು ಚೌಕಟ್ಟಿಗೆ ತರುವ ಕೆಲಸದ ಬಹುಭಾಗ ಅವರ ಅವಧಿಯದು. ಕ್ಯಾಂಪಸ್ಸಿನ ಕಟ್ಟಡಗಳನ್ನು ಹೊಗಳುವವರು ಈ ಕೆಲಸವನ್ನು ಮರೆಯುತ್ತಾರೆ.

ಆಮೇಲಿನದು ಒಡೆಯುವ ಕಾಲ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬೇರೆಯಾಯಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಶುರುವಾದ 1947ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೇ ಇರಲಿಲ್ಲ. ಮುಂದೆ ಅದು ಧಾರವಾಡದ ಕೆಳಗಿತ್ತು, 1998ರ ನಂತರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿತು, 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ತಾನೇ ಪದವಿ ಕೊಡತೊಡಗಿತು. ಗೇಟು ಒಂದೇ, ಅದರೊಳಗಿಂದ ಹೊರಬಂದ ತಲೆಮಾರುಗಳ ಪ್ರಮಾಣಪತ್ರದ ಮೇಲಿನ ಹೆಸರು ಬೇರೆ ಬೇರೆ.

ಇದೆಲ್ಲ ಸರ್ಕಾರ ಮಾಡಿದ ವರ್ಗಾವಣೆ. ಒಬ್ಬಂಟಿಯಾಗಿ ಬರುವವನ ಸಂಗತಿ ಬೇರೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಕಾಲೇಜೊಂದರ ಕಿಟಕಿಯ ಮುಂದೆ, ಮದ್ರಸಾದಲ್ಲಿ ಆಲಿಮ್ ಮುಗಿಸಿ, ಅಲೀಗಢದ ಜಾಮಿಯಾ ಉರ್ದುವಿನ ‘ಅದೀಬೆ ಮಾಹಿರ್’ ಪರೀಕ್ಷೆ ಪಾಸಾದ ಹುಡುಗನೊಬ್ಬ ನಿಂತಿದ್ದ. ಗುಮಾಸ್ತರು ಒರಟರಲ್ಲ. ಕಾಗದ ತಿರುವಿ ತಿರುವಿ ನೋಡಿ ಅಂದರು: “ತಮ್ಮಾ, ಮೊಹರು ಚಲೋ ಐತಿ. ಆದ್ರ ಇದು ನಮ್ಮ ಪಟ್ಟಿಯೊಳಗ ಇಲ್ಲಲ್ಲ.” ಹುಡುಗ, “ಸರ್, ಬ್ಯಾರೆ ಯುನಿವರ್ಸಿಟಿಯೊಳಗ ನಡೀತೈತ್ರಿ” ಅಂದ. “ಅಲ್ಲಿ ನಡೀಬಹುದಪಾ. ಇಲ್ಲಿ ನಾ ಏನ್ ಬರಕೊಳ್ಳಲಿ?” ಇಬ್ಬರ ಮಾತೂ ನಿಜ. ಅಲೀಗಢ, ಜಾಮಿಯಾ ಮಿಲ್ಲಿಯಾ, 1998ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯ ಇಂಥವು ಕೆಲವು ಮದ್ರಸಾಗಳ ಸನದುಗಳನ್ನು ಪ್ರವೇಶಕ್ಕೆ ಒಪ್ಪುತ್ತವೆ. ಉಳಿದ ಕಡೆ ಆ ಏಳೆಂಟು ವರ್ಷಗಳ ಓದು ಓದೇ ಅಲ್ಲ. ಹಾಗೆಂದು ತಪ್ಪೆಲ್ಲ ವಿಶ್ವವಿದ್ಯಾಲಯಗಳದೇ ಎನ್ನಲಾರೆ. ತಾವು ಕೊಡುವ ಸನದಿಗೆ ಎಲ್ಲೆಲ್ಲಿ ಮಾನ್ಯತೆಯಿದೆ ಎಂದು ಹುಡುಗನಿಗೆ ಮೊದಲೇ ಹೇಳಿಬಿಡುವ ಮದ್ರಸಾಗಳು ನಮ್ಮಲ್ಲಿ ಎಷ್ಟಿವೆ?

2022ರಲ್ಲಿ ಟಿ.ಸಿ. ಎಂಬ ಎರಡಕ್ಷರ ಪತ್ರಿಕೆಗಳ ತಲೆಬರಹಕ್ಕೆ ಬಂತು. ಫೆಬ್ರವರಿಯ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಈ ನಡುವೆ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಹಲವು ಮುಸ್ಲಿಂ ಹುಡುಗಿಯರು ಟಿ.ಸಿ. ತೆಗೆದುಕೊಂಡು ಹೊರಟರು. ಟಿ.ಸಿ. ಬೇಡಿದವರಿಗೆ ಕೊಡಲಾಯಿತು, ನಿಯಮದಲ್ಲಿ ಲೋಪವಿಲ್ಲ. ಆದರೆ ಟಿ.ಸಿ.ಯ ಇನ್ನೊಂದು ತುದಿಯಲ್ಲಿ ಒಂದು ಕಾಲೇಜು ಇರಬೇಕು, ಅಲ್ಲಿ ಅದೇ ವಿಷಯಗಳಿರಬೇಕು, ಮನೆಯಿಂದ ಬಸ್ಸಿರಬೇಕು, ಅಪ್ಪ ಒಪ್ಪಬೇಕು. 1938ರ ಹುಡುಗರಿಗೆ ಒಂದು ನಾಗಪುರ ಸಿಕ್ಕಿತ್ತು.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ ಎನ್ನುತ್ತಾರೆ. 2021ರಲ್ಲಿ ಯುಜಿಸಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಪ್ರಕಾರ ವಿದ್ಯಾರ್ಥಿ ಕಲಿತದ್ದು ಬ್ಯಾಂಕಿನ ಹಣದಂತೆ ಖಾತೆಯಲ್ಲಿ ಜಮೆಯಾಗಿ, ಅವನು ಹೋದಲ್ಲಿಗೆ ಬರಬೇಕು. ಯೋಚನೆ ಒಳ್ಳೆಯದೇ. ಅದೇ ವರ್ಷ ಕರ್ನಾಟಕ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಗೆ ಹೋಯಿತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ನಡುವಿನ ತಂಡದವರು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ ತಮ್ಮ ಪತ್ರಿಕೆಗಳ ಹೆಸರನ್ನೇ ವಿವರಿಸಿ ಹೇಳಬೇಕು. ಇನ್ನು ಭಾಷೆಯ ವಿಷಯ. ಒಂದು ಕಾಲೇಜಿನಲ್ಲಿ ಉರ್ದು ತೆಗೆದುಕೊಂಡು ಎರಡು ಸೆಮಿಸ್ಟರ್ ಮುಗಿಸಿದ ಹುಡುಗಿ, ಅಪ್ಪನ ನೌಕರಿಯ ವರ್ಗವೋ ಮದುವೆಯೋ ಆಗಿ ಇನ್ನೊಂದು ಊರಿಗೆ ಬರುತ್ತಾಳೆ. ಖಾತೆಯಲ್ಲಿ ಉರ್ದುವಿನ ಕ್ರೆಡಿಟ್ ಜಮೆಯಿದೆ, ಹೊಸ ಕಾಲೇಜಿನಲ್ಲಿ ಉರ್ದು ಮಾಸ್ತರರ ಹುದ್ದೆಯೇ ಇಲ್ಲ. ಮೂರನೆಯ ಸೆಮಿಸ್ಟರಿನ ಅರ್ಜಿಯಲ್ಲಿ ‘ಭಾಷೆ’ ಎಂಬ ಕಾಲಮ್ಮಿನ ಮುಂದೆ ಏನು ತುಂಬಬೇಕೆಂದು ಅವಳು ಕಿಟಕಿಗೆ ಹೋಗಿ ಕೇಳಬೇಕು.